ಹಾಟ್ ಡಾಗ್ ಮೇಲೆ ಏನಿರಬೇಕು: ಶಿಕಾಗೊ, ನ್ಯೂಯಾರ್ಕ್, ಡೆಟ್ರಾಯ್ಟ್ ಮತ್ತು ಕೆಚಪ್ ಬಾಟಲಿ

ಬೇಸಿಗೆ ಶುರುವಾಗುವ ಹೊತ್ತಿಗೆ ನಾನು ಅಂಗಡಿಯಿಂದ ನಾಲ್ಕು ಸಾಮಾನು ತಂದೆ: ವಿನೆಗರ್‌ನಲ್ಲಿ ನೆನೆದ ಸ್ಪೋರ್ಟ್ ಪೆಪ್ಪರ್ ಎಂಬ, ಕಿರುಬೆರಳಿಗಿಂತ ಚಿಕ್ಕದಾದ ಮೆಣಸಿನಕಾಯಿಗಳ ಜಾಡಿ, ಕಣ್ಣು ಕುಕ್ಕುವ ಹಸಿರಿನ ಸಿಹಿ ರೆಲಿಶ್ (ಸಣ್ಣಗೆ ಹೆಚ್ಚಿದ ಸೌತೆಕಾಯಿಯ ಉಪ್ಪಿನಕಾಯಿ), ಸೆಲರಿ ಎಂಬ ಗಿಡದ ಬೀಜದ ಪುಡಿ ಬೆರೆಸಿದ ಸೆಲರಿ ಉಪ್ಪಿನ ಪುಟ್ಟ ಡಬ್ಬಿ ಮತ್ತು ಹಳದಿ ಮಸ್ಟರ್ಡ್ (ಸಾಸಿವೆಯ ಸಾಸ್) ಬಾಟಲಿ. ಎಲ್ಲ ಸೇರಿ 20 ಡಾಲರ್ ಒಳಗೇ ಆಯಿತು. ಅಡುಗೆಮನೆಗೆಂದು ಈಚೆಗೆ ಮಾಡಿದ ಖರ್ಚುಗಳಲ್ಲಿ ಇಷ್ಟು ಸಾರ್ಥಕವಾದದ್ದು ಬೇರೊಂದಿಲ್ಲ. ಶಿಕಾಗೊ ನಗರದ ಪಶ್ಚಿಮದ ಉಪನಗರವೊಂದರಲ್ಲಿ ನಮ್ಮ ಮನೆಯಿದೆ. ವಾರಾಂತ್ಯಗಳಲ್ಲಿ ನಮ್ಮ ಹಿತ್ತಲಿನಲ್ಲಿ ಸೇರುವ ಕನ್ನಡ ಕುಟುಂಬಗಳ ನಡುವೆ ಸೀಳಿದ ಉದ್ದ ಬನ್ ಒಳಗೆ ಸಾಸೇಜ್ (ಮಸಾಲೆ ಬೆರೆಸಿದ ಮಾಂಸದ ಸುರುಳಿ) ಇಟ್ಟು ಕೊಡುವ ಹಾಟ್ ಡಾಗ್ ಮೇಲೆ ಏನು ಹಾಕಬೇಕು, ಏನು ಹಾಕಬಾರದು ಎಂಬ ವಾದ ಬಹಳ ಕಾಲದಿಂದ ನಡೆದು ಬಂದಿದೆ. ಕೆಚಪ್ ಪಕ್ಷ, ನ್ಯೂಯಾರ್ಕ್ ಪಕ್ಷ, ಡೆಟ್ರಾಯ್ಟ್‌ನಲ್ಲಿ ಓದಿ ಬಂದವರ ಚಿಲಿ (ಖಾರದ ಮಾಂಸದ ಗೊಜ್ಜು) ಪಕ್ಷ ಎಲ್ಲವೂ ಇಲ್ಲಿವೆ. ನಾನು ಶಿಕಾಗೊ ಪಕ್ಷದವನು. ಉಳಿದವುಗಳನ್ನೂ ಮನಸ್ಸಿಟ್ಟು ಮಾಡಿ ತಿಂದ ಮೇಲೆ ಆ ಒಲವು ಇನ್ನಷ್ಟು ಗಟ್ಟಿಯಾಗಿದೆ.

ಒಂದು ವಿಷಯವನ್ನು ಮೊದಲೇ ತಿಳಿಸಬೇಕು. ನಾವು ಸಸ್ಯಾಹಾರಿಗಳು. ಆದ್ದರಿಂದ ಇಲ್ಲಿ ಹೋಲಿಸುತ್ತಿರುವುದು ಸಾಸೇಜ್‌ಗಳನ್ನಲ್ಲ, ಅವುಗಳ ಮೇಲೆ ಬೀಳುವ ಪದಾರ್ಥಗಳನ್ನು ಮಾತ್ರ. ಎಲ್ಲ ಬಗೆಗಳಿಗೂ ನಾನು ಬಳಸಿದ್ದು ಒಂದೇ ಸೋಯಾ ಸಾಸೇಜ್. ಹಾಗೆ ನೋಡಿದರೆ ಈ ಹೋಲಿಕೆಗೆ ಅದು ಅನುಕೂಲವೇ ಆಯಿತು. ದನದ ಮಾಂಸದ ಸಾಸೇಜ್‌ನಲ್ಲಿ ಅದರದ್ದೇ ಕೊಬ್ಬು, ಬೆಳ್ಳುಳ್ಳಿ, ಹೊಗೆಯ ಪರಿಮಳ ಇರುವುದರಿಂದ ಮೇಲೆ ಏನೂ ಹಾಕದಿದ್ದರೂ ಅದು ತಿನ್ನುವವರ ಕೈಬಿಡುವುದಿಲ್ಲವೆಂದು ಮಾಂಸಾಹಾರಿ ಸ್ನೇಹಿತರು ಹೇಳುತ್ತಾರೆ. ಸೋಯಾ ಸಾಸೇಜ್‌ಗೆ ಆ ಆಸರೆಯಿಲ್ಲ. ಅದು ಒಣ, ಅದರ ರುಚಿ ಸಪ್ಪೆಯ ಪಕ್ಕದಲ್ಲೇ ಇರುತ್ತದೆ. ರಸ, ಹುಳಿ, ಖಾರ, ಕಚ್ಚಿದರೆ ಕುರುಕುರು ಎನ್ನುವ ಗುಣ ಎಲ್ಲವನ್ನೂ ಮೇಲಿನ ಪದಾರ್ಥಗಳೇ ಒದಗಿಸಬೇಕು. ಯಾವುದು ನಿಜವಾಗಿ ಕೆಲಸ ಮಾಡುತ್ತದೆ, ಯಾವುದು ಬರಿಯ ಅಲಂಕಾರ ಎಂಬುದು ಇದರಿಂದ ಬೇಗ ಗೊತ್ತಾಗುತ್ತದೆ.

ಶಿಕಾಗೊ ಬಗೆಯಲ್ಲಿ ಏಳು ಪದಾರ್ಥಗಳಿರುತ್ತವೆ: ಹಳದಿ ಮಸ್ಟರ್ಡ್, ಸಿಹಿ ರೆಲಿಶ್, ಸಣ್ಣಗೆ ಹೆಚ್ಚಿದ ಹಸಿ ಈರುಳ್ಳಿ, ಟೊಮೆಟೊ ಹೋಳುಗಳು, ಉದ್ದಕ್ಕೆ ಸೀಳಿದ ಸೌತೆಕಾಯಿ ಉಪ್ಪಿನಕಾಯಿ, ಸ್ಪೋರ್ಟ್ ಪೆಪ್ಪರ್ ಮತ್ತು ಕೊನೆಯಲ್ಲಿ ಉದುರಿಸುವ ಸೆಲರಿ ಉಪ್ಪು. ಬನ್ ಮೇಲೆ ಗಸಗಸೆ ಇರಬೇಕು, ಬನ್ ಹಬೆಯಲ್ಲಿ ಬೆಂದಿರಬೇಕು. ಕೆಚಪ್ ಇರಬಾರದು. ಇದು ವಲಸೆಗಾರರ ಬೀದಿಯಲ್ಲಿ ಹುಟ್ಟಿದ ತಿಂಡಿ. 1893ರಲ್ಲಿ ಶಿಕಾಗೊದಲ್ಲಿ ನಡೆದ ಕೊಲಂಬಿಯನ್ ಮಹಾಮೇಳದಲ್ಲಿ ಎಮಿಲ್ ರೈಶೆಲ್ ಮತ್ತು ಸ್ಯಾಮ್ಯುಯೆಲ್ ಲಡಾನಿ ಎಂಬ ಇಬ್ಬರು ವಲಸೆಗಾರರು ಸಾಸೇಜ್ ಮಾರಿದರು. ಅವರು ಕಟ್ಟಿದ ವಿಯೆನ್ನಾ ಬೀಫ್ ಸಂಸ್ಥೆಯ ಸಾಸೇಜ್‌ಗಳೇ ಇಂದಿಗೂ ಈ ನಗರದ ಹೆಚ್ಚಿನ ಅಂಗಡಿಗಳಲ್ಲಿ ಕಾಣುತ್ತವೆ. ಸ್ವಾಮಿ ವಿವೇಕಾನಂದರು ಮಾತನಾಡಿದ ಸರ್ವಧರ್ಮ ಸಮ್ಮೇಳನವೂ ಅದೇ ಮೇಳದ ಅಂಗವಾಗಿ, ಅದೇ ವರ್ಷ ನಡೆಯಿತೆಂಬುದು ನಮ್ಮವರಿಗೆ ನೆನಪಿರಬಹುದು. ತರಕಾರಿಗಳು ಅದರ ಮೇಲೇರಿದ್ದು ಆಮೇಲೆ. 1929ರಲ್ಲಿ ಮ್ಯಾಕ್ಸ್‌ವೆಲ್ ಬೀದಿಯಲ್ಲಿ ಶುರುವಾದ ಫ್ಲೂಕೀಸ್ ಎಂಬ ಅಂಗಡಿಯವರು, ಆರ್ಥಿಕ ಕುಸಿತದ ಆ ದಿನಗಳಲ್ಲಿ 5 ಸೆಂಟ್‌ಗೆ ಒಂದು ಹೊತ್ತಿನ ಊಟವೇ ಆಗುವಂತೆ ಸಂತೆಯ ತರಕಾರಿಗಳನ್ನು ಬನ್ ತುಂಬ ಹಾಕಿ ಕೊಡುತ್ತಿದ್ದರೆಂದು ಇಲ್ಲಿಯವರು ಹೇಳುತ್ತಾರೆ. ಬಡತನದ ಕಾಲದಲ್ಲಿ ಹೊಟ್ಟೆ ತುಂಬಿಸಲು ಸೇರಿಸಿದ ತರಕಾರಿಗಳೇ ಇಂದು ನನ್ನಂಥ ಸಸ್ಯಾಹಾರಿಗೆ ಈ ತಿಂಡಿಯನ್ನು ಯೋಗ್ಯವಾಗಿಸಿವೆ.

ಈ ಏಳರಲ್ಲಿ ಒಂದೊಂದಕ್ಕೂ ಬೇರೆ ಕೆಲಸವಿದೆ ಎಂಬುದೇ ನನಗೆ ಈ ಬಗೆ ಮೆಚ್ಚುಗೆಯಾಗಲು ಕಾರಣ. ರೆಲಿಶ್ ಸಿಹಿಯನ್ನು ಕೊಡುತ್ತದೆ. ಸೌತೆಕಾಯಿ ಉಪ್ಪಿನಕಾಯಿ ಸಿಹಿಯಿಲ್ಲದ ಹುಳಿಯನ್ನೂ ಕಚ್ಚಿದಾಗಿನ ಗರಿಯನ್ನೂ ಕೊಡುತ್ತದೆ. ಟೊಮೆಟೊ ಒಣ ಸೋಯಾಕ್ಕೆ ಬೇಕಾದ ರಸ ಕೊಡುತ್ತದೆ. ಸ್ಪೋರ್ಟ್ ಪೆಪ್ಪರ್‌ನ ಖಾರ ನಮ್ಮ ಬ್ಯಾಡಗಿ, ಗುಂಟೂರು ಮೆಣಸಿನಕಾಯಿ ತಿಂದು ಬೆಳೆದ ನಾಲಿಗೆಗೆ ದೊಡ್ಡದೇನಲ್ಲ. ಆದರೆ ಅದನ್ನು ಇಡಿಯಾಗಿ ಕಚ್ಚಿದಾಗ ಒಳಗಿನ ವಿನೆಗರ್ ಚಿಮ್ಮಿ ಖಾರದೊಂದಿಗೆ ಬೆರೆಯುವ ಆ ಕ್ಷಣ ಬೇರೆ ಯಾವ ಬಗೆಯ ಹಾಟ್ ಡಾಗ್‌ನಲ್ಲಿಯೂ ಸಿಗುವುದಿಲ್ಲ. ಜಾಡಿ ಸಿಗದ ಊರುಗಳಲ್ಲಿ ಇರುವವರು, ನಮ್ಮ ಊರುಗಳ ಚೈನೀಸ್ ಹೋಟೆಲ್‌ಗಳಲ್ಲಿ ಮೇಜಿನ ಮೇಲಿಡುವ ವಿನೆಗರ್ ಮೆಣಸಿನಕಾಯಿಯನ್ನು ಮನೆಯಲ್ಲೇ ಹಾಕಿಟ್ಟುಕೊಂಡರೆ ಸಾಕು, ಮುಕ್ಕಾಲು ಪಾಲು ಕೆಲಸ ಆಗುತ್ತದೆ. ಮೆಣಸಿನಕಾಯಿಯನ್ನು ಮಾತ್ರ ಕತ್ತರಿಸದೆ ಇಡಿಯಾಗಿ ಇಡಬೇಕು.

ಸೆಲರಿ ಉಪ್ಪನ್ನು ಬಿಡಬೇಡಿ. ಒಂದು ಚಿಟಿಕೆ ಸಾಕು, ಆದರೆ ಅದಿಲ್ಲದಿದ್ದರೆ ಟೊಮೆಟೊ ಸಪ್ಪೆಯಾಗುತ್ತದೆ.

ರೆಲಿಶ್‌ನ ಆ ಹಸಿರು ಬರಿಯ ಬಣ್ಣ. ನೀಲಿ ಆಹಾರ ಬಣ್ಣ ಸೇರಿಸಿ ಅದನ್ನು ಹಾಗೆ ಮಾಡುತ್ತಾರೆ, ರುಚಿಯಲ್ಲಿ ಸಾಮಾನ್ಯ ಸಿಹಿ ರೆಲಿಶ್‌ಗೂ ಅದಕ್ಕೂ ವ್ಯತ್ಯಾಸ ನನಗೆ ಸಿಗಲಿಲ್ಲ. ಮುಂದಿನ ಸಲ ಬಣ್ಣವಿಲ್ಲದ್ದನ್ನೇ ತರುತ್ತೇನೆ, ಅದು ಅಗ್ಗವೂ ಹೌದು.

ಮಸ್ಟರ್ಡ್ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಸಾಸಿವೆ ನಮ್ಮ ಅಡುಗೆಮನೆಗೆ ಹೊಸದಲ್ಲ. ಅಮೆರಿಕದ ಹಳದಿ ಮಸ್ಟರ್ಡ್ ಬಿಳಿ ಸಾಸಿವೆಯಿಂದ ಆಗುತ್ತದೆ. ಅದರ ಹಳದಿ ಬರುವುದು ಅರಿಶಿನದಿಂದ. 1904ರಲ್ಲಿ ಸೇಂಟ್ ಲೂಯಿಸ್ ಮಹಾಮೇಳದಲ್ಲಿ ಫ್ರೆಂಚ್ಸ್ ಸಂಸ್ಥೆ ಅದನ್ನು ಪರಿಚಯಿಸಿತು. ನ್ಯೂಯಾರ್ಕ್‌ನ ಗಾಡಿಗಳಲ್ಲಿ ಸಿಗುವ ಕಂದು ಮಸ್ಟರ್ಡ್ ಮಾತ್ರ ಕಂದು ಸಾಸಿವೆಯದು, ಒಗ್ಗರಣೆಗೆ ನಾವು ಬಳಸುವ ಸಾಸಿವೆಯ ಹತ್ತಿರದ ನೆಂಟ. ಒಣ ಸಾಸಿವೆಯಲ್ಲಿ ಘಾಟು ಇರುವುದಿಲ್ಲ. ಕಾಳು ಒಡೆದು ನೀರು ತಾಗಿದಾಗ ಅದರೊಳಗಿನ ಕಿಣ್ವ ಕೆಲಸ ಶುರುಮಾಡಿ ಘಾಟನ್ನು ಹುಟ್ಟಿಸುತ್ತದೆ. ತೆಂಗಿನಕಾಯಿಯ ಜೊತೆ ಹಸಿ ಸಾಸಿವೆ ಅರೆದು ಮೊಸರಿಗೆ ಕಲಸುವ ನಮ್ಮ ಸಾಸಿವೆಯಲ್ಲಿ ಮೂಗಿಗೆ ಏರುವುದು ಇದೇ ಘಾಟು. ಬಿಳಿ ಸಾಸಿವೆಯ ಘಾಟು ನಾಲಿಗೆಯ ಮೇಲೇ ನಿಲ್ಲುತ್ತದೆ, ಕಂದಿನದ್ದು ಆವಿಯಾಗಿ ಮೂಗಿಗೆ ಹೋಗುತ್ತದೆ. ಬಿಡಿಯಾಗಿ ನೆಕ್ಕಿ ನೋಡಿದರೆ ನನ್ನ ಮತ ಕಂದು ಮಸ್ಟರ್ಡ್‌ಗೇ ಹೋಗುತ್ತದೆ. ಆದರೆ ಶಿಕಾಗೊ ಬಗೆಯಲ್ಲಿ ಅದನ್ನು ಹಾಕಿದಾಗ ಸ್ಪೋರ್ಟ್ ಪೆಪ್ಪರ್‌ನ ಖಾರ ಮತ್ತು ಹಸಿ ಈರುಳ್ಳಿಯ ಘಾಟಿನ ಜೊತೆ ಮೂರನೆಯ ಘಾಟೊಂದು ಸೇರಿ ಬಾಯಿ ಗೊಂದಲಕ್ಕೆ ಬೀಳುತ್ತದೆ. ಅಲ್ಲಿ ಬೇಕಾದದ್ದು ವಿನೆಗರ್‌ನ ಹುಳಿ ಮುಂದಾಗಿರುವ ಮೆತ್ತಗಿನ ಹಳದಿಯೇ. ಹಳದಿಯಾಗಲಿ ಕಂದಾಗಲಿ, ಅದನ್ನು ಸಾಸೇಜ್ ಒಲೆಯಿಂದಿಳಿದ ಮೇಲೆಯೇ ಹಾಕಬೇಕು. ಬೆಂಕಿಯ ಮೇಲಿರುವಾಗ ಸವರಿದರೆ ಘಾಟು ಹೋಗಿ ಬರಿಯ ಕಹಿ ಉಳಿಯುತ್ತದೆ.

ಇನ್ನು ಕಾಟ ಕೊಟ್ಟ ವಿಷಯಕ್ಕೆ ಬರುತ್ತೇನೆ. ಶಿಕಾಗೊ ಬಗೆಯ ಮೇಲೆ ಜನ ಹೊರಿಸುವ ದೂರುಗಳಲ್ಲಿ ನಿಜವಾದದ್ದು ಒಂದೇ: ಬನ್ ಹರಿಯುತ್ತದೆ. ಸೂಪರ್ ಮಾರ್ಕೆಟ್ ಒಂದರಿಂದ ಅದರ ಸ್ವಂತ ಹೆಸರಿನ ಬನ್ ಪೊಟ್ಟಣ ತಂದಿದ್ದೆವು. ಅತಿಥಿಗಳೆಲ್ಲ ತಟ್ಟೆ ಹಿಡಿದು ನಿಂತಿದ್ದಾಗ ಮೊದಲ ಬನ್ ತೆರೆದೆ. ಎರಡು ಭಾಗಗಳನ್ನು ಹಿಡಿದಿಡಬೇಕಾದ ಹಿಂಬದಿಯ ಅಂಚು ತೆರೆಯುವಾಗಲೇ ಅರ್ಧ ಬಿರುಕು ಬಿಟ್ಟಿತು. ಸಾಸೇಜ್ ಇಟ್ಟು, ಒಂದು ಮಗ್ಗುಲಿಗೆ ಟೊಮೆಟೊ, ಇನ್ನೊಂದು ಮಗ್ಗುಲಿಗೆ ಉಪ್ಪಿನಕಾಯಿ ತುರುಕಿದಾಗ ಉಳಿದರ್ಧವೂ ಹೋಯಿತು. ಕೈಯಲ್ಲಿ ಉಳಿದದ್ದು ಎರಡು ಬೇರೆ ಬೇರೆ ಬ್ರೆಡ್ ತುಂಡುಗಳು, ನಡುವೆ ಜಾರುವ ಸಾಸೇಜ್, ಮೊಣಕೈವರೆಗೆ ಇಳಿಯುತ್ತಿದ್ದ ರೆಲಿಶ್ ನೀರು. ಅಂದು ತೆರೆದ ಎಲ್ಲ ಬನ್‌ಗಳದ್ದೂ ಅದೇ ಕಥೆ. ನ್ಯೂಯಾರ್ಕ್ ಪಕ್ಷದವರಿಗೆ ಅಂದು ಹಬ್ಬ.

ಆದರೆ ದೋಷ ಏಳು ಪದಾರ್ಥಗಳದ್ದಲ್ಲ, ಬನ್ ಇದ್ದ ಸ್ಥಿತಿಯದು. ಬ್ರೆಡ್ ತಣ್ಣಗಾಗಿ ಹಳತಾದಂತೆ ಅದರ ಪಿಷ್ಟ ಮತ್ತೆ ಹರಳುಗಟ್ಟಿ ಬಿಗಿಯಾಗುತ್ತದೆ. ಫ್ರಿಜ್ಜಿನ ತಂಪಿನಲ್ಲಿ ಇದು ಇನ್ನೂ ಬೇಗ ಆಗುತ್ತದೆ, ಆದ್ದರಿಂದ ಹೊರಗಿಟ್ಟ ಬನ್‌ಗಿಂತ ಫ್ರಿಜ್ಜಿನಲ್ಲಿಟ್ಟದ್ದೇ ಬೇಗ ಒರಟಾಗುತ್ತದೆ. ಬಿಗಿಯಾದ ಬ್ರೆಡ್ ಬಾಗುವುದಿಲ್ಲ, ಮುರಿಯುತ್ತದೆ. ಬಿಸಿ ಮತ್ತು ತೇವ ಎರಡೂ ಒಟ್ಟಿಗೆ ತಾಗಿದರೆ ಪಿಷ್ಟ ಸಡಿಲವಾಗಿ ಬನ್ ಮತ್ತೆ ಮೆತ್ತಗಾಗುತ್ತದೆ. ಶಿಕಾಗೊದ ಅಂಗಡಿಗಳಲ್ಲಿ ಬನ್ ಹಬೆಯಲ್ಲಿಡುವುದು ಶಾಸ್ತ್ರಕ್ಕಲ್ಲ. ಏಳು ಪದಾರ್ಥಗಳ ಭಾರ ಹೊರಬೇಕಾದ ಬ್ರೆಡ್‌ಗೆ ಆ ಮೆತ್ತನೆಯ ಬಾಗು ಇರಲೇಬೇಕು. ಟೋಸ್ಟ್ ಮಾಡಿದರೆ ಮೇಲ್ಮೈ ಗರಿಗರಿಯಾಗುತ್ತದೆಯೇ ಹೊರತು ಹಿಂಬದಿ ಅಂಚು ಇನ್ನಷ್ಟು ಬೇಗ ಸೀಳುತ್ತದೆ. ಮೈಕ್ರೋವೇವ್‌ನಲ್ಲಿ ಇಟ್ಟರೆ ಕೆಲ ಕ್ಷಣ ಮೆತ್ತಗಿದ್ದು, ಆಮೇಲೆ ಜಗಿಯಲಾಗದಷ್ಟು ನಾರಾಗುತ್ತದೆ.

ಹಬೆಯ ಪಾತ್ರೆ ಕನ್ನಡಿಗರ ಮನೆಯಲ್ಲಿ ಇದ್ದೇ ಇರುತ್ತದಲ್ಲ, ಇಡ್ಲಿ ಪಾತ್ರೆ. ಒಳಗಿನ ಇಡ್ಲಿ ತಟ್ಟೆಗಳನ್ನು ತೆಗೆದು, ತಳದಲ್ಲಿ ಒಂದು ಬೆರಳಷ್ಟು ನೀರು ಕುದಿಸಿ, ಅದರ ಮೇಲೆ ತೂತಿನ ತಟ್ಟೆ ಇಟ್ಟು ಬನ್‌ಗಳನ್ನು ತೆರೆಯದೆ, ಮುಚ್ಚಿದ ಸ್ಥಿತಿಯಲ್ಲೇ ಸಾಲಾಗಿ ಇಡಬೇಕು. ಮುಚ್ಚಳಕ್ಕೆ ಒಳಗಿನಿಂದ ತೆಳು ಬಟ್ಟೆ ಕಟ್ಟುವುದು ಮುಖ್ಯ. ಇಲ್ಲದಿದ್ದರೆ ಹಬೆ ನೀರಾಗಿ ತೊಟ್ಟಿಕ್ಕಿ ಬನ್‌ನ ಬೆನ್ನಿನ ಮೇಲೆ ಅಂಟು ಅಂಟಾದ ಮಚ್ಚೆಗಳು ಬೀಳುತ್ತವೆ, ಗಸಗಸೆ ಕಿತ್ತು ಬರುತ್ತದೆ. ಒಂದು ನಿಮಿಷ ಸಾಕು. ಎರಡು ನಿಮಿಷ ದಾಟಿದರೆ ಬನ್ ಕುಗ್ಗುತ್ತದೆ. ಹೀಗೆ ತೆಗೆದ ಬನ್ ಅನ್ನು ಪೂರ್ತಿ ಅಗಲಿಸಿದರೂ ಅಂಚು ಹರಿಯುವುದಿಲ್ಲ. ಅದೇ ಪೊಟ್ಟಣದ ಉಳಿದ ಬನ್‌ಗಳನ್ನು ಮರುದಿನ ಹೀಗೆ ಮಾಡಿದಾಗ ಒಂದೂ ಸೀಳಲಿಲ್ಲ. ಆದರೂ ಆ ಅಗ್ಗದ ಪೊಟ್ಟಣವನ್ನು ಇನ್ನು ಮುಂದೆ ನಾನು ಕೊಳ್ಳುವುದಿಲ್ಲ. ಬೇಕರಿಯ ಗಸಗಸೆ ಬನ್‌ಗೆ ಒಂದೆರಡು ಡಾಲರ್ ಹೆಚ್ಚು ಕೊಟ್ಟರೆ ಅದು ತಾಜಾ ಇರುವ ದಿನ ಹಬೆಯ ಕೆಲಸ ಅರ್ಧ ಉಳಿಯುತ್ತದೆ.

ಜೋಡಿಸುವ ಕ್ರಮದಿಂದಲೂ ಒದ್ದೆಯ ತೊಂದರೆ ತಗ್ಗುತ್ತದೆ. ಅಮೆರಿಕದ ನ್ಯಾಷನಲ್ ಹಾಟ್ ಡಾಗ್ ಆ್ಯಂಡ್ ಸಾಸೇಜ್ ಕೌನ್ಸಿಲ್ ಎಂಬ ಸಂಘದ ಶಿಷ್ಟಾಚಾರದ ಪಟ್ಟಿಯಲ್ಲಿ, ಪದಾರ್ಥಗಳನ್ನು ಬನ್‌ಗೆ ಸವರದೆ ಸಾಸೇಜ್ ಮೇಲೆಯೇ ಹಾಕಬೇಕೆಂದೂ, ಮೊದಲು ಮಸ್ಟರ್ಡ್‌ನಂಥ ದ್ರವ, ಆಮೇಲೆ ರೆಲಿಶ್, ಈರುಳ್ಳಿಯಂಥ ಗಟ್ಟಿ ಪದಾರ್ಥ, ಕೊನೆಗೆ ಪುಡಿ ಎಂಬ ಕ್ರಮ ಇರಬೇಕೆಂದೂ ಇದೆ. ಇದನ್ನು ಪಾಲಿಸಿದರೆ ತಿನ್ನುವ ಹೊತ್ತಿನ ತನಕ ಬ್ರೆಡ್ ಒಣಗಿಯೇ ಇರುತ್ತದೆ. ರೆಲಿಶ್ ಅನ್ನು ಚಮಚದಲ್ಲಿ ಎತ್ತಿ ಜಾಡಿಯ ಅಂಚಿಗೆ ಒತ್ತಿ ನೀರು ಬಸಿಯುವುದು, ಟೊಮೆಟೊದ ಬೀಜದ ಭಾಗ ತೆಗೆಯುವುದು ನಾನೇ ಸೇರಿಸಿಕೊಂಡ ಎರಡು ಅಭ್ಯಾಸಗಳು.

ಕೆಚಪ್ ವಿಚಾರಕ್ಕೆ ಬಂದರೆ ಈ ನಗರದಲ್ಲಿ ಜನರ ದನಿ ಏರುತ್ತದೆ. ಅದೇ ಶಿಷ್ಟಾಚಾರದ ಪಟ್ಟಿ 18 ವರ್ಷ ದಾಟಿದವರು ಹಾಟ್ ಡಾಗ್ ಮೇಲೆ ಕೆಚಪ್ ಹಾಕಬಾರದು ಎನ್ನುತ್ತದೆ. ಶಿಕಾಗೊದವರೇ ಆದ ಬರಾಕ್ ಒಬಾಮಾ ಆ ಗಡಿಯನ್ನು ಎಂಟು ವರ್ಷಕ್ಕೆ ಇಳಿಸಿದ್ದರು. 1946ರಿಂದ ನಡೆಯುತ್ತಿರುವ, ರಿವರ್ ಗ್ರೋವ್‌ನ ಜೀನ್ ಆ್ಯಂಡ್ ಜೂಡ್ಸ್ ಅಂಗಡಿಯಲ್ಲಿ ಕೆಚಪ್ ಇಡುವುದೇ ಇಲ್ಲ. 2017ರಲ್ಲಿ ಹೈನ್ಜ್ ಸಂಸ್ಥೆ ತನ್ನ ಕೆಚಪ್ ಅನ್ನೇ ‘ಶಿಕಾಗೊ ಡಾಗ್ ಸಾಸ್’ ಎಂಬ ಹೆಸರಿನ ಬಾಟಲಿಯಲ್ಲಿ ತುಂಬಿ ಈ ಊರಿನವರ ಮನಸ್ಸು ಗೆಲ್ಲಲು ನೋಡಿತ್ತು. ಊರು ಬದಲಾಗಲಿಲ್ಲ.

ನಮ್ಮವರು ಕೆಚಪ್ ಪಕ್ಷ ವಹಿಸುವುದಕ್ಕೆ ಕಾರಣ ನನಗೆ ಚೆನ್ನಾಗಿ ಗೊತ್ತಿದೆ. ಬೇಕರಿಯಲ್ಲಿ ವೆಜ್ ಪಫ್ ಕೊಂಡರೆ ಪಕ್ಕದಲ್ಲಿ ಕೆಂಪು ಸಾಸ್, ಕಟ್ಲೆಟ್‌ಗೂ ಸಾಸ್, ಸ್ಯಾಂಡ್‌ವಿಚ್‌ಗೂ ಸಾಸ್ ಎಂಬ ರೂಢಿಯಲ್ಲಿ ನಾವೆಲ್ಲ ಬೆಳೆದವರು. ಬ್ರೆಡ್ ಮತ್ತು ಬಿಸಿ ಪದಾರ್ಥ ಕಂಡ ಕೂಡಲೇ ಕೈ ಬಾಟಲಿಯತ್ತ ಹೋಗುತ್ತದೆ. ಅದರಲ್ಲಿ ತಪ್ಪೇನಿಲ್ಲ, ಪಫ್‌ನ ಒಳಗಿನ ಮಸಾಲೆ ಪಲ್ಯಕ್ಕೆ ಸಾಸ್ ಒಪ್ಪುತ್ತದೆ. ನನ್ನ ಆಕ್ಷೇಪ ಊರಿನ ನಿಯಮದ್ದಲ್ಲ, ರುಚಿಯದು. ಕೆಚಪ್‌ನಲ್ಲಿ ಸಿಹಿ, ಹುಳಿ, ಉಪ್ಪು, ಟೊಮೆಟೊದ ಸಾರ ಎಲ್ಲವೂ ಒಟ್ಟಿಗೆ ಇರುವುದರಿಂದ ಅದು ತನ್ನಷ್ಟಕ್ಕೆ ತಾನು ಪೂರ್ಣ. ಅದು ಬಿದ್ದ ಕಡೆ ಬೇರೆ ರುಚಿಗಳಿಗೆ ಕೆಲಸ ಉಳಿಯುವುದಿಲ್ಲ. 17 ಗ್ರಾಂ ತೂಗುವ ಒಂದು ದೊಡ್ಡ ಚಮಚ ಕೆಚಪ್‌ನಲ್ಲಿ ಸುಮಾರು 4 ಗ್ರಾಂ ಸಕ್ಕರೆ ಇರುತ್ತದೆ. ಬನ್ ಮೊದಲೇ ಸಿಹಿ, ರೆಲಿಶ್ ಸಿಹಿ, ಅದರ ಮೇಲೆ ಕೆಚಪ್ ಬಿದ್ದರೆ ಉಪ್ಪಿನಕಾಯಿಯ ಹುಳಿಯೂ ಮೆಣಸಿನಕಾಯಿಯ ಖಾರವೂ ಅಡಗಿಹೋಗುತ್ತವೆ. ಟೊಮೆಟೊ ಬೇಕೆನ್ನುವವರಿಗೆ ಹಸಿ ಟೊಮೆಟೊ ಹೋಳುಗಳು ಮೊದಲೇ ಇವೆ. ನಮ್ಮ ಮಗಳಿಗೆ ಮಾತ್ರ ಈ ವಾದ ಅನ್ವಯಿಸುವುದಿಲ್ಲ. ಅವಳಿಗೆ ಇನ್ನೂ ಆರು ವರ್ಷ, ಸೋಯಾ ಸಾಸೇಜ್ ಮೇಲೆ ಕೆಚಪ್‌ನ ಗೆರೆ ಎಳೆದುಕೊಂಡು ಸಂತೋಷವಾಗಿ ತಿನ್ನುತ್ತಾಳೆ. ಅವಳ ತಟ್ಟೆಯ ವಿಷಯಕ್ಕೆ ಯಾರೂ ಹೋಗಬಾರದೆಂದು ನಾನೇ ಎಲ್ಲರಿಗೂ ಹೇಳಿದ್ದೇನೆ.

ನ್ಯೂಯಾರ್ಕ್ ಬಗೆಯ ವಕೀಲರು ನನ್ನ ಭಾವ. ಅಕ್ಕ ಮತ್ತು ಭಾವ ನ್ಯೂಜೆರ್ಸಿಯಲ್ಲಿದ್ದಾರೆ, ಬೇಸಿಗೆಗೆ ಇಲ್ಲಿಗೆ ಬರುತ್ತಾರೆ. ಅವರ ಪ್ರಕಾರ ಹಾಟ್ ಡಾಗ್ ಮೇಲೆ ಮೂರೇ ಇರಬೇಕು: ಕಂದು ಮಸ್ಟರ್ಡ್, ಸೌರ್‌ಕ್ರೌಟ್, ಟೊಮೆಟೊದಲ್ಲಿ ಬೇಯಿಸಿದ ಈರುಳ್ಳಿ ಸಾಸ್. “ಬೀದೀಲಿ ನಡೀತಾ ಒಂದೇ ಕೈಲಿ ತಿನ್ನೋ ಹಾಗಿರಬೇಕು ಕಣೋ, ನಿಂದನ್ನ ತಿನ್ನೋಕೆ ಮೇಜು ಬೇಕು, ಎರಡು ಕೈ ಬೇಕು” ಎಂಬುದು ಅವರ ವಾದ. “ಇದು ಹಿತ್ತಲು ಭಾವ, ಇಲ್ಲಿ ಮೇಜೂ ಇದೆ, ಅವಸರಾನೂ ಇಲ್ಲ” ಎಂದು ನಾನು ಹೇಳುತ್ತೇನೆ. ಆದರೆ ಅವರ ಮಾತಿನಲ್ಲಿ ಹುರುಳಿದೆ. 1916ರಲ್ಲಿ ನ್ಯೂಯಾರ್ಕ್‌ನ ಕೋನಿ ಐಲ್ಯಾಂಡ್‌ನಲ್ಲಿ ನೇಥನ್ ಹ್ಯಾಂಡ್‌ವರ್ಕರ್, ಫೆಲ್ಟ್‌ಮನ್ಸ್ ಎಂಬ ಹೋಟೆಲ್‌ನಲ್ಲಿ 10 ಸೆಂಟ್ ಇದ್ದ ಸಾಸೇಜ್ ಅನ್ನು 5 ಸೆಂಟ್‌ಗೆ ಮಾರಿ ಹೆಸರು ಮಾಡಿದ ಕಾಲದಿಂದಲೂ ಅಲ್ಲಿಯದು ನಿಂತಲ್ಲೇ, ನಡೆಯುತ್ತಲೇ ತಿನ್ನುವ ಸರಕು. ಗಾಡಿಯವನು ಒಂದು ಇಕ್ಕಳದಲ್ಲಿ ಎತ್ತಿ ಕ್ಷಣದಲ್ಲಿ ಕೊಟ್ಟುಬಿಡಬೇಕು. ಏಳು ಪದಾರ್ಥ ಜೋಡಿಸಲು ಅಲ್ಲಿ ಸಮಯವಿಲ್ಲ.

ರುಚಿಯ ಲೆಕ್ಕದಲ್ಲಿ ನನ್ನ ಎರಡನೆಯ ಸ್ಥಾನ ಇದಕ್ಕೇ. ಸೌರ್‌ಕ್ರೌಟ್ ಎಂದರೆ ಎಲೆಕೋಸನ್ನು ಎಳೆ ಎಳೆಯಾಗಿ ಹೆಚ್ಚಿ ಉಪ್ಪಿನಲ್ಲಿ ಹುದುಗಿಸಿದ್ದು. ಅದರ ಹುಳಿ ವಿನೆಗರ್‌ನದಲ್ಲ, ಹುದುಗಿನದು, ಆದ್ದರಿಂದ ಹೆಚ್ಚು ದುಂಡಗೆ, ನಿಧಾನವಾಗಿ ಏರುತ್ತದೆ. ಜರ್ಮನ್ ವಲಸೆಗಾರರು ತಂದ ಈ ಪದಾರ್ಥಕ್ಕೆ ಕಂದು ಮಸ್ಟರ್ಡ್‌ನ ಘಾಟು ಹೇಳಿ ಮಾಡಿಸಿದ ಜೋಡಿ. ಬಾಟಲಿಯಲ್ಲಿ ಸಿಗುವ ಈರುಳ್ಳಿ ಸಾಸ್ ಮಾತ್ರ ನನಗೆ ಹಿಡಿಸಲಿಲ್ಲ, ಅದರ ಸಿಹಿ ಕೆಚಪ್‌ನ ಹತ್ತಿರಕ್ಕೇ ಹೋಗುತ್ತದೆ. ಮನೆಯಲ್ಲಿ ಈರುಳ್ಳಿಯನ್ನು ಎಣ್ಣೆಯಲ್ಲಿ ಬಾಡಿಸಿ, ಸ್ವಲ್ಪ ಟೊಮೆಟೊ, ಅಚ್ಚಖಾರದ ಪುಡಿ, ಒಂದು ಚಮಚ ವಿನೆಗರ್ ಹಾಕಿ ಮಾಡಿಕೊಂಡಾಗ ಭಾವನವರೂ ಅದನ್ನೇ ಮತ್ತೆ ಕೇಳಿದರು. ಈ ಬಗೆಯ ಕೊರತೆಯೆಂದರೆ ಇದರಲ್ಲಿ ಎಲ್ಲವೂ ಮೆತ್ತಗೆ. ಮೆತ್ತಗಿನ ಸೋಯಾ, ಮೆತ್ತಗಿನ ಈರುಳ್ಳಿ, ಮೆತ್ತಗಿನ ಎಲೆಕೋಸು, ಮೆತ್ತಗಿನ ಬನ್. ಮಾಂಸದ ಸಾಸೇಜ್‌ನ ಹೊರಪೊರೆ ಹಲ್ಲಿಗೆ ಪಟ್ಟೆಂದು ಒಡೆಯುವುದರಿಂದ ಮಾಂಸಾಹಾರಿಗಳಿಗೆ ಇದು ಗೊತ್ತಾಗದಿರಬಹುದು. ಆ ಪೊರೆಯಿಲ್ಲದ ಸೋಯಾ ತಿನ್ನುವವರಿಗೆ ಕಚ್ಚಲು ಹಸಿ ಈರುಳ್ಳಿಯೋ ಉಪ್ಪಿನಕಾಯಿಯೋ ಬೇಕೇಬೇಕು.

ಡೆಟ್ರಾಯ್ಟ್‌ನ ಕೋನಿ ಬಗೆಗೆ ಹೆಸರು ನ್ಯೂಯಾರ್ಕ್‌ನ ಕೋನಿ ಐಲ್ಯಾಂಡ್‌ನದಾದರೂ ಅದನ್ನು ಬೆಳೆಸಿದವರು ಮಿಷಿಗನ್‌ಗೆ ಬಂದ ಗ್ರೀಕ್ ವಲಸೆಗಾರರು. ಬೀನ್ಸ್ ಇಲ್ಲದ ಮಾಂಸದ ಚಿಲಿ, ಹಳದಿ ಮಸ್ಟರ್ಡ್, ಹೆಚ್ಚಿದ ಈರುಳ್ಳಿ, ಇಷ್ಟೇ ಅದರ ಮೇಲಿರುವುದು. ಡೆಟ್ರಾಯ್ಟ್ ನಡುಪೇಟೆಯಲ್ಲಿ ಅಮೆರಿಕನ್ ಕೋನಿ ಐಲ್ಯಾಂಡ್ ಮತ್ತು ಲಫಯೆಟ್ ಕೋನಿ ಐಲ್ಯಾಂಡ್ ಎಂಬ ಎರಡು ಅಂಗಡಿಗಳು ಅಕ್ಕಪಕ್ಕದಲ್ಲೇ ಇವೆ. ಯಾವುದರ ಚಿಲಿ ಉತ್ತಮ ಎಂಬುದರ ಮೇಲೆ ಆ ಊರಿನ ಮನೆಗಳು ಇಬ್ಭಾಗವಾಗಿವೆ. ನಾನು ಸೋಯಾ ಚೂರಿನಿಂದ ಚಿಲಿ ಮಾಡಿದೆ: ಜೀರಿಗೆ, ಖಾರದ ಪುಡಿ, ಬೆಳ್ಳುಳ್ಳಿ, ಟೊಮೆಟೊ ಹಾಕಿ ಸಣ್ಣ ಉರಿಯಲ್ಲಿ ಬೇಯಿಸಿದ್ದು. ರುಚಿಯಲ್ಲಿ ಅದು ನಮ್ಮ ನಾಲಿಗೆಗೆ ಎಲ್ಲಕ್ಕಿಂತ ಹತ್ತಿರ, ಅದನ್ನು ಒಪ್ಪುತ್ತೇನೆ. ಅತಿಥಿಗಳಲ್ಲಿ ಹಿರಿಯರಿಗೆ ಅದೇ ಹಿಡಿಸಿತು. ಆದರೆ ಅದಕ್ಕೆ ಒಂದು ಗಂಟೆಯ ಅಡುಗೆ ಬೇಕು, ಚಮಚ ಬೇಕು, ತಿಂದ ಮೇಲೆ ಮಧ್ಯಾಹ್ನವೆಲ್ಲ ಹೊಟ್ಟೆ ಭಾರ. ಚಿಲಿ ಅಷ್ಟು ಚೆನ್ನಾಗಿ ಆದರೆ ನಾನು ಅದನ್ನು ಅನ್ನಕ್ಕೋ ಚಪಾತಿಗೋ ಹಾಕಿಕೊಳ್ಳುವವನು. ಅದರ ಕೆಳಗೆ ಸಾಸೇಜ್ ಇದೆಯೋ ಇಲ್ಲವೋ ಗೊತ್ತೇ ಆಗುವುದಿಲ್ಲ.

ಸಿನ್ಸಿನಾಟಿಯವರು ದಾಲ್ಚಿನ್ನಿಯ ಪರಿಮಳದ ಚಿಲಿಯ ಮೇಲೆ ತುರಿದ ಚೆಡರ್ ಚೀಸ್‌ನ ರಾಶಿ ಹಾಕುತ್ತಾರೆ, ಅದು ನನಗೆ ಒಗ್ಗಲಿಲ್ಲ. ಸಿಯಾಟಲ್‌ನ ಕ್ರೀಮ್ ಚೀಸ್ ಮತ್ತು ಹುರಿದ ಈರುಳ್ಳಿ ಬಗೆ ಮಕ್ಕಳಿಗೆ ಬಹಳ ಇಷ್ಟವಾಯಿತು, ದೊಡ್ಡವರಿಗೆ ಅರ್ಧಕ್ಕೇ ಸಾಕೆನಿಸಿತು. ಅರಿಜೋನಾದ ಟೂಸಾನ್ ಸುತ್ತಮುತ್ತಲಿನ ಸೊನೋರಾ ಬಗೆಯಲ್ಲಿ ಸಾಸೇಜ್‌ಗೆ ಬೇಕನ್ ಎಂಬ ಹಂದಿಮಾಂಸದ ಪಟ್ಟಿ ಸುತ್ತುವುದರಿಂದ ಅದರ ಬಗ್ಗೆ ತೀರ್ಪು ಕೊಡುವ ಅಧಿಕಾರ ನನಗಿಲ್ಲ. ಅದರ ಮೇಲಿನ ಪಿಂಟೊ ಬೀನ್ಸ್ ಮತ್ತು ಹಲಪೇನೊ ಮೆಣಸಿನಕಾಯಿ ಜೋಡಿಯನ್ನು ಮಾತ್ರ ಸೋಯಾಕ್ಕೆ ಹಾಕಿ ನೋಡುವ ಮನಸ್ಸಿದೆ.

ಖರ್ಚಿನ ದೃಷ್ಟಿಯಿಂದ ನೋಡಿದರೆ ಶಿಕಾಗೊ ಬಗೆಗೆ ಮೊದಲ ಸಲ ಹೆಚ್ಚು ಹಣ ಬೇಕು, ಆಮೇಲೆ ಬಹಳ ಕಾಲ ಬೇಕಿಲ್ಲ. ಸ್ಪೋರ್ಟ್ ಪೆಪ್ಪರ್ ಜಾಡಿ ಒಂದು ಬೇಸಿಗೆಗೆ ಸಾಕು, ವಿನೆಗರ್‌ನಲ್ಲಿರುವುದರಿಂದ ಫ್ರಿಜ್ಜಿನಲ್ಲಿ ಕೆಡುವುದೂ ಇಲ್ಲ. ಸೆಲರಿ ಉಪ್ಪು ವರ್ಷ ಬರುತ್ತದೆ. ಪ್ರತಿ ಸಲ ತಾಜಾ ತರಬೇಕಾದದ್ದು ಈರುಳ್ಳಿ, ಟೊಮೆಟೊ, ಬನ್ ಮಾತ್ರ. ನ್ಯೂಯಾರ್ಕ್ ಬಗೆಗೆ ಸೌರ್‌ಕ್ರೌಟ್ ಮತ್ತು ಕಂದು ಮಸ್ಟರ್ಡ್ ಎರಡೇ ಸಾಕಾದ್ದರಿಂದ ಖರ್ಚು ಕಡಿಮೆ. ಒಬ್ಬಂಟಿಯಾಗಿ ಅಪಾರ್ಟ್‌ಮೆಂಟಿನಲ್ಲಿರುವ ವಿದ್ಯಾರ್ಥಿಗೆ ನಾನು ಅದನ್ನೇ ಹೇಳುತ್ತೇನೆ. ಮನೆಗೆ ಜನ ಬರುವವರು, ಸಸ್ಯಾಹಾರಿಗಳು, ಕುಳಿತು ತಿನ್ನುವ ಅಭ್ಯಾಸವಿರುವವರು ಶಿಕಾಗೊ ಬಗೆಯನ್ನೇ ಆರಿಸಿಕೊಳ್ಳಲಿ. ಏಳು ಬಟ್ಟಲುಗಳನ್ನು ಸಾಲಾಗಿ ಇಟ್ಟರೆ ಪ್ರತಿಯೊಬ್ಬರೂ ತಮಗೆ ಬೇಕಾದ್ದನ್ನು ಹಾಕಿಕೊಳ್ಳುತ್ತಾರೆ, ಖಾರ ಬೇಡದವರು ಮೆಣಸಿನಕಾಯಿ ಬಿಡುತ್ತಾರೆ, ಈರುಳ್ಳಿ ತಿನ್ನದ ಮನೆಯವರಿಗೂ ಉಳಿದ ಆರು ಇರುತ್ತವೆ.

ಚಳಿಗಾಲದಲ್ಲಿ ಇಲ್ಲಿಯ ಟೊಮೆಟೊಕ್ಕೆ ರುಚಿಯೂ ಇರುವುದಿಲ್ಲ, ರಸವೂ ಇರುವುದಿಲ್ಲ. ಆ ತಿಂಗಳುಗಳಲ್ಲಿ ನಾವು ಜೀನ್ ಆ್ಯಂಡ್ ಜೂಡ್ಸ್‌ನವರ ಬಗೆಗೆ ಇಳಿಯುತ್ತೇವೆ. ಟೊಮೆಟೊ ಇಲ್ಲ, ಸೌತೆಕಾಯಿ ಉಪ್ಪಿನಕಾಯಿಯೂ ಇಲ್ಲ, ಮಸ್ಟರ್ಡ್, ರೆಲಿಶ್, ಈರುಳ್ಳಿ, ಸ್ಪೋರ್ಟ್ ಪೆಪ್ಪರ್ ಹಾಕಿ ಅದರ ಮೇಲೆ ಬಾಣಲೆಯಿಂದ ಆಗತಾನೇ ತೆಗೆದ ಆಲೂಗಡ್ಡೆ ಫ್ರೈಸ್ ಹೇರುವುದು. ಇದರಲ್ಲಿ ರಸ ಕಡಿಮೆಯಾದ್ದರಿಂದ ಸೋಯಾ ಸಾಸೇಜ್ ಅನ್ನು ಬಾಣಲೆಯಲ್ಲಿ ಹುರಿಯದೆ ಬಿಸಿನೀರಿನಲ್ಲಿಟ್ಟು ತೆಗೆಯಬೇಕು, ಮಸ್ಟರ್ಡ್ ಅನ್ನು ಒಂದು ಗೆರೆ ಹೆಚ್ಚು ಎಳೆಯಬೇಕು. ಮಗಳ ಕೆಚಪ್ ಬಾಟಲಿಯನ್ನು ಆಗ ಫ್ರೈಸ್ ತಟ್ಟೆಯ ಪಕ್ಕದಲ್ಲಿ ಇಡುತ್ತೇವೆ, ಅಲ್ಲಿ ಅದನ್ನು ನಾನೂ ಬಳಸುತ್ತೇನೆ.